ಗಂಟು ಬಿಚ್ಚಲಿಲ್ಲ, ಕಟ್ಟು ಸಡಿಲಾಯಿತು: ತೋಡಿನ ಮೇಲಿನ ಒಂದು ಕಾಲುಸಂಕದ ಪ್ರಕರಣ

ಬ್ರಹ್ಮಾವರದಿಂದ ಒಳಕ್ಕೆ, ಗದ್ದೆ ಬಯಲಿನ ನಡುವೆ ಹರಿಯುವ ಒಂದು ತೋಡು. ನವೆಂಬರ್ ಕೊನೆಯ ರವಿವಾರ ಅದರ ಮೇಲೆ 24 ಅಡಿ ಉದ್ದದ ಕಾಲುಸಂಕ ಎದ್ದಿತು. ಕಂಬ, ಹಗ್ಗ ಬಿಟ್ಟರೆ ಒಂದು ಮೊಳೆಯೂ ಅದಕ್ಕೆ ಬಿದ್ದಿರಲಿಲ್ಲ. ಕಟ್ಟಿದವರು ಹಗ್ಗದ ಕೆಲಸ ಕಲಿಯಲು ಸೇರಿದ್ದ ಹದಿನಾಲ್ಕು ಮಂದಿ: ಪಿಯುಸಿ ಓದುವ ಹನ್ನೊಂದು ಸ್ಕೌಟ್ಸ್-ಗೈಡ್ಸ್, ಊರಿನ ಯುವಕ ಮಂಡಲದ ಮೂವರು. ಕಲಿಸಿದವರು ಇಬ್ಬರು. ಸಂಜೆ ಒಬ್ಬೊಬ್ಬರಾಗಿ ಎಲ್ಲರೂ ದಾಟಿದರು. ಸಂಕ ಅಲುಗಲಿಲ್ಲ.

ಮುಂದಿನ ರವಿವಾರ ಬೆಳಿಗ್ಗೆ ಇಬ್ಬರು ಹುಡುಗರು ಸಂಕದ ನಡುವೆ ನಿಂತು ಕೈಹಿಡಿಯ ಬಿದಿರು ಸರಿಮಾಡುತ್ತಿದ್ದರು. ಆಗ ಊರಿನವರೊಬ್ಬರು ಸೈಕಲನ್ನು ಹೆಗಲಿಗೇರಿಸಿಕೊಂಡು ಆಚೆ ದಡದಿಂದ ಹತ್ತಿದರು. ಅವರು ಐದಾರು ಹೆಜ್ಜೆ ಇಡುವಷ್ಟರಲ್ಲಿ ನಡುವಿನ ಆಧಾರದ ಚೌಕಟ್ಟು ನೀರು ಹರಿಯುವ ಕಡೆಗೆ ವಾಲಿತು, ಹೆಚ್ಚುಕಡಿಮೆ ಹತ್ತು ಇಂಚು. ಮುರಿದ ಸದ್ದಿಲ್ಲ, ಹಗ್ಗ ಹರಿದ ಸದ್ದಿಲ್ಲ. ನಡೆಯುವ ಮೂರು ಅಡಿಕೆ ಮರಗಳಲ್ಲಿ ಒಂದು ಉರುಳಿತು. ಒಬ್ಬ ಹುಡುಗ ಮೊಣಕಾಲುದ್ದದ ನೀರಿಗೆ ಜಾರಿ ಪಾದ ಉಳುಕಿಸಿಕೊಂಡ. ಇನ್ನೊಬ್ಬ ದಡಕ್ಕೆ ಎಳೆದು ಕಟ್ಟಿದ್ದ ನೀಲಿ ಹಗ್ಗವನ್ನು ಹಿಡಿಯಲು ಹೋಗಿ ಅಂಗೈಯ ಚರ್ಮ ಸುಲಿಸಿಕೊಂಡ. ಸೈಕಲ್ ತೋಡಿಗೆ ಬಿತ್ತು, ಅದರ ಯಜಮಾನರು ಹಿಂದಕ್ಕೆ ಹಾರಿ ದಡ ಸೇರಿದರು. ನೀರು ಕಡಿಮೆಯಿದ್ದ ಕಾಲ, ಪುಣ್ಯಕ್ಕೆ.

ಆಮೇಲೆ ಸಂಕವನ್ನು ಕಟ್ಟು ಕಟ್ಟಾಗಿ ಬಿಡಿಸಿ ನೋಡಿದಾಗ ಸಿಕ್ಕಿದ ಮೊದಲ ವಿಷಯ ಇದು: ಒಂದೇ ಒಂದು ಗಂಟು ಬಿಚ್ಚಿರಲಿಲ್ಲ. ಕ್ಲೋವ್ ಹಿಚ್‌ಗಳು, ಅಂದರೆ ಕಂಬಕ್ಕೆ ಎರಡು ಸಲ ಸುತ್ತಿ ಹಾಕುವ ಗಂಟುಗಳು, ಹಾಕಿದ ಹಾಗೇ ಇದ್ದವು. ಆದರೆ ಕಂಬಕ್ಕೆ ಕಂಬ ಸೇರಿಸಿ ಹಗ್ಗ ಸುತ್ತಿದ ಒಂಬತ್ತು ಕಟ್ಟುಗಳಲ್ಲಿ ಆರರೊಳಗೆ ಎರಡು ಬೆರಳು ಸಲೀಸಾಗಿ ತೂರುತ್ತಿದ್ದವು.

ಏನು ಕಟ್ಟಿದ್ದರು

ಸಂಕದ ವಿನ್ಯಾಸದಲ್ಲಿ ದೋಷವಿರಲಿಲ್ಲ. ತೋಡಿನ ಮಧ್ಯೆ ಒಂದು ಟ್ರೆಸಲ್, ಅಂದರೆ ನಡುಗಾಲು. ಅದರಿಂದ ಎರಡೂ ದಡಕ್ಕೆ 12 ಅಡಿಯ ಎರಡು ಅಂಕಣ. ನಡುಗಾಲಿಗೆ 10 ಅಡಿಯ ಎರಡು ಅಡಿಕೆ ಕಂಬ ಕಾಲುಗಳಾಗಿ, ನಡೆಯುವ ಮಟ್ಟದಲ್ಲಿ ಅವುಗಳ ನಡುವೆ ಮೂರಡಿ ಅಂತರ, ಬುಡದಲ್ಲಿ ನಾಲ್ಕೂವರೆ. ಮೇಲೊಂದು, ಕೆಳಗೊಂದು ಅಡ್ಡಕಂಬ. ಅವುಗಳ ಮಧ್ಯೆ ಗುಣಾಕಾರ ಚಿಹ್ನೆಯ ಹಾಗೆ ಎರಡು ಓರೆಕಂಬ. ಕಾಲುಗಳು ನಡೆಯುವ ಮಟ್ಟದಿಂದ ಮೂರೂವರೆ ಅಡಿ ಮೇಲಕ್ಕೆ ಚಾಚಿಕೊಂಡು ಕೈಹಿಡಿಗೆ ಆಧಾರವಾಗಿದ್ದವು. ಅಂಕಣಕ್ಕೆ ಮೂರರಂತೆ 14 ಅಡಿಯ ಆರು ಅಡಿಕೆ ಮರ, ಮೇಲೆ ಅಡ್ಡಡ್ಡಲಾಗಿ ದಬ್ಬೆ. ಕೈಹಿಡಿಗೆ ನಾಲ್ಕು ಬಿದಿರು.

ಇಂಥ ಒಂದು ಟ್ರೆಸಲ್‌ಗೆ ಒಂಬತ್ತು ಕಟ್ಟು ಬೇಕು. ಅಡ್ಡಕಂಬಗಳ ನಾಲ್ಕು ತುದಿ, ಓರೆಕಂಬಗಳ ನಾಲ್ಕು ತುದಿ, ಒಟ್ಟು ಎಂಟು ಚೌಕಕಟ್ಟು (ಸ್ಕೌಟ್ಸ್‌ನಲ್ಲಿ ಸ್ಕ್ವೇರ್ ಲ್ಯಾಶಿಂಗ್ ಅನ್ನುವುದು ಇದನ್ನೇ). ಓರೆಕಂಬಗಳು ಒಂದನ್ನೊಂದು ದಾಟುವ ನಡುವಿನ ಜಾಗಕ್ಕೆ ಒಂದು ಓರೆಕಟ್ಟು, ಅಂದರೆ ಡಯಾಗನಲ್ ಲ್ಯಾಶಿಂಗ್.

ಅಡಿಕೆ ಮರದ ಬಗ್ಗೆ ಒಂದು ಮಾತು. ಕರಾವಳಿಯಲ್ಲಿ ಚಪ್ಪರಕ್ಕೂ ಸಂಕಕ್ಕೂ ಅದನ್ನೇ ಹಾಕುತ್ತಾರೆ, ನೆಟ್ಟಗಿರುತ್ತದೆ, ಸುಲಭದಲ್ಲಿ ಸಿಗುತ್ತದೆ. ಅದರ ಬಲವೆಲ್ಲ ಹೊರಗಿನ ಗಟ್ಟಿ ನಾರಿನಲ್ಲಿ, ಒಳಗಿನ ತಿರುಳು ಮೆದು. ಮೈ ನುಣುಪು, ಹಸಿಯಿದ್ದಾಗ ಇನ್ನೂ ನುಣುಪು. ಹಗ್ಗ ಜಾರಲು ಇಷ್ಟು ಸಾಕು. ಆ ವಾರವೇ ಕಡಿದ ಹಸಿ ಮರಗಳನ್ನು ಇಲ್ಲಿ ಬಳಸಿದ್ದರು.

ಹನ್ನೆರಡು ಅಡಿ ಹಗ್ಗದ ಲೆಕ್ಕ

ಕಟ್ಟು ಕಲಿಯುವಾಗ ಈ ತಂಡ ಎರಡೂವರೆ ಇಂಚು ದಪ್ಪದ ಕೋಲುಗಳ ಮೇಲೆ ಅಭ್ಯಾಸ ಮಾಡಿತ್ತು. ಅದಕ್ಕೆ 12 ಅಡಿ ಹಗ್ಗ ಧಾರಾಳ. ಅದೇ ಅಳತೆಯಲ್ಲಿ ಕತ್ತರಿಸಿದ ಹಗ್ಗಗಳನ್ನು ತೋಡಿಗೂ ತಂದರು. ಆದರೆ ಅಲ್ಲಿನ ಕಂಬ ನಾಲ್ಕು ಇಂಚಿನದು.

ಚೌಕಕಟ್ಟಿನ ಒಂದು ಪೂರ್ತಿ ಸುತ್ತು ಎಷ್ಟು ಹಗ್ಗ ತಿನ್ನುತ್ತದೆ ನೋಡಿ. ಹಗ್ಗ ಅಡ್ಡಕಂಬದ ಮುಂದೆ ಎರಡು ಸಲ, ನಿಂತ ಕಂಬದ ಹಿಂದೆ ಎರಡು ಸಲ ಹಾಯುತ್ತದೆ. ಪ್ರತಿ ಸಲವೂ ಕಂಬದ ಅರ್ಧ ಸುತ್ತಳತೆ. ಎರಡೂ ಕಂಬ ಒಂದೇ ದಪ್ಪವಿದ್ದರೆ ಒಟ್ಟು ಎರಡು ಪೂರ್ತಿ ಸುತ್ತಳತೆ, ಅಂದರೆ ದಪ್ಪದ 6.28 ಪಾಲು. ನಾಲ್ಕು ಇಂಚಿನ ಕಂಬಕ್ಕೆ 25 ಇಂಚು. ಮೂರು ಸುತ್ತಿಗೆ ಆರೂಕಾಲು ಅಡಿ. ಶುರುವಿನ ಕ್ಲೋವ್ ಹಿಚ್‌ಗೆ ಎರಡು ಅಡಿ, ಕೊನೆಯದಕ್ಕೆ ಎರಡು ಅಡಿ. ಹನ್ನೆರಡರಲ್ಲಿ ಉಳಿಯುವುದು ಒಂದೂಮುಕ್ಕಾಲು ಅಡಿ. ಎರಡು ಕಂಬಗಳ ಸಂದಿನಲ್ಲಿ ಸುತ್ತುಗಳನ್ನೇ ಹಿಂಡಿ ಹಾಕುವ ಬಿಗಿಸುತ್ತು ಒಂದಕ್ಕೆ ಸುಮಾರು 14 ಇಂಚು ಬೇಕು. ಒಂದು ಹಾಕಿದರೆ ಕೈಯಲ್ಲಿ ಏಳು ಇಂಚು ಉಳಿಯುತ್ತದೆ. ಏಳು ಇಂಚಿನ ತುಂಡು ಹಿಡಿದು ಯಾವ ಬಲಭೀಮನೂ ಬಿಗಿಯಾಗಿ ಎಳೆಯಲಾರ.

ಹುಡುಗರು ಮಾಡಿದ್ದು ಸಹಜವಾದದ್ದೇ. ಮೂರು ಸುತ್ತು ಹಾಕಿದರು, ಬಿಗಿಸುತ್ತು ಒಂದಕ್ಕೆ ನಿಲ್ಲಿಸಿದರು, ಉಳಿದಷ್ಟರಲ್ಲಿ ಗಂಟು ಹಾಕಿದರು. ಹೊರಗಿನಿಂದ ನೋಡಿದರೆ ಪುಸ್ತಕದ ಚಿತ್ರದ ಹಾಗೇ ಕಾಣುತ್ತಿತ್ತು. ಕಟ್ಟಿನ ಜೀವ ಇರುವುದು ಬಿಗಿಸುತ್ತಿನಲ್ಲಿ, ಇವರು ಕಡಿಮೆ ಮಾಡಿದ್ದೂ ಅದನ್ನೇ. ಎರಡು ಬಿಗಿಸುತ್ತು ಸೇರಿಸಿ ಎಲ್ಲ ಲೆಕ್ಕ ಹಾಕಿದರೆ ನಾಲ್ಕು ಇಂಚಿನ ಕಂಬಗಳಿಗೆ ಹನ್ನೆರಡೂವರೆ ಅಡಿಗೂ ಹೆಚ್ಚು ಖರ್ಚಾಗುತ್ತದೆ. ಎಳೆಯಲು ಕೈಗೆ ಸಿಗಬೇಕಾದದ್ದನ್ನೂ ಸೇರಿಸಿ 18 ಅಡಿ ಕತ್ತರಿಸಬೇಕಿತ್ತು.

ನೆನೆಸಿದ ಹಗ್ಗ, ಹಸಿ ಮರ, ಮೂಡಣ ಗಾಳಿ

ಕತ್ತದ ಹಗ್ಗ ಒಣಗಿದ್ದರೆ ಒರಟು, ಕೈ ಕೊರೆಯುತ್ತದೆ. ಹಿಂದಿನ ರಾತ್ರಿ ನೀರಲ್ಲಿ ಹಾಕಿಟ್ಟರೆ ಮೆದುವಾಗುತ್ತದೆ, ಹೇಳಿದ ಮಾತು ಕೇಳುತ್ತದೆ. ಈ ತಂಡ ಕೂಡ ಶನಿವಾರ ರಾತ್ರಿ ಹಗ್ಗವನ್ನೆಲ್ಲ ಬಕೆಟಿಗೆ ಹಾಕಿತ್ತು. ತೊಂದರೆ ಇರುವುದು ಇಲ್ಲೇ. ನೆನೆದಾಗ ನಾರು ಉಬ್ಬುತ್ತದೆ, ಹಗ್ಗ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತದೆ. ಆ ಸ್ಥಿತಿಯಲ್ಲಿ ಬಿಗಿದ ಕಟ್ಟು ಒಣಗಿದ ಮೇಲೆ ತೆಳ್ಳಗಾಗಿ ಉದ್ದಕ್ಕೆ ಮರಳುತ್ತದೆ. ಒದ್ದೆಯಲ್ಲಿ ಕಟ್ಟಿದರೆ ಒಣಗುತ್ತಾ ಬಿಗಿಯಾಗುತ್ತದೆ ಅನ್ನುವ ಮಾತು ಹಸಿ ಚರ್ಮದ ಬಾರಿಗೆ ಸರಿ. ನಾರಿನ ಹಗ್ಗಕ್ಕೆ ತಿರುಗಾಮುರುಗಾ.

ಅನುಮಾನವಿದ್ದರೆ ಎರಡು ಗೂಟದ ನಡುವೆ ಒಣ ಕತ್ತದ ಹಗ್ಗವೊಂದನ್ನು ಸೆಟೆದು ಕಟ್ಟಿ, ಒಂದು ಚೊಂಬು ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿ ನೋಡಿ. ಇನ್ನಷ್ಟು ಸೆಟೆದಿರುತ್ತದೆ. ಮಧ್ಯಾಹ್ನ ಒಣಗಿದ ಮೇಲೆ ಪುನಃ ಮುಟ್ಟಿದರೆ ಉತ್ತರ ಸಿಗುತ್ತದೆ.

ಮರದ್ದೂ ಅದೇ ಕತೆ. ಹಸಿ ಕಂಬ ಒಣಗುವಾಗ ದಪ್ಪದಲ್ಲಿ ಕುಗ್ಗುತ್ತದೆ. ಎರಡು ಮಿ.ಮೀ. ಏನು ಮಹಾ ಅನ್ನಿಸಬಹುದು. ಮೇಲಿನ ಲೆಕ್ಕವನ್ನೇ ಹಿಡಿಯಿರಿ: ಎರಡು ಮಿ.ಮೀ. ಕುಗ್ಗಿದರೆ ಪ್ರತಿ ಸುತ್ತಿನಲ್ಲಿ 12 ಮಿ.ಮೀ.ಗಿಂತ ಹೆಚ್ಚು ಸಡಿಲ. ಮೂರು ಸುತ್ತಿಗೆ ಒಂದೂವರೆ ಇಂಚು. ಹಗ್ಗ ತೆಳ್ಳಗಾದದ್ದು ಬೇರೆ. ಎರಡು ಬೆರಳು ತೂರಿದ್ದು ಇದರಿಂದಲೇ.

ನವೆಂಬರ್, ಡಿಸೆಂಬರಿನಲ್ಲಿ ಕರಾವಳಿಯಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ಒಣ ಮೂಡಣ ಗಾಳಿ ಬೀಸುತ್ತದೆ. ಒಂದು ವಾರ ಆ ಗಾಳಿ, ಮೇಲಿನ ಬಿಸಿಲು, ರಾತ್ರಿಯ ಮಂಜು, ಮತ್ತೆ ಬಿಸಿಲು. ಕಟ್ಟಿದ ದಿನವೇ ಪರೀಕ್ಷೆ ಮಾಡಿದ್ದರಲ್ಲ, ಆಗ ಹಗ್ಗ ಒದ್ದೆ, ಮರ ಹಸಿ. ಸಂಕದ ಆಯುಸ್ಸಿನಲ್ಲೇ ಅತಿ ಬಿಗಿಯಾಗಿದ್ದ ದಿನ ಅದು. ಪರೀಕ್ಷೆ ಪಾಸಾದದ್ದರಲ್ಲಿ ಆಶ್ಚರ್ಯವಿಲ್ಲ, ಆದರೆ ಅದರಿಂದ ತಿಳಿದದ್ದೂ ಏನಿಲ್ಲ.

ಹತ್ತಿರದ ಮನೆಯಲ್ಲಿ ಚಪ್ಪರದ ಕೆಲಸ ಮಾಡುವ ಹಿರಿಯರೊಬ್ಬರಿದ್ದರು. ಮಾರನೆಯ ದಿನ ಬಂದು ನೋಡಿ, ಕಲಿಸುವವರಿಗೆ ಒಂದೇ ಮಾತು ಹೇಳಿದರು: "ಹಸಿ ಮರಕ್ಕೆ ಒಂದು ಸಲ ಕಟ್ಟಿದ್ರೆ ಆಗುವುದಿಲ್ಲ ಮಾರ್ರೆ. ಮೂರನೇ ದಿನ ಪುನಃ ಬಿಗಿ ಮಾಡ್ಲಿಕ್ಕುಂಟು." ಚಪ್ಪರ ಕಟ್ಟುವವರಿಗೆ ಇದು ಮಾತಾಡುವಷ್ಟು ದೊಡ್ಡ ವಿಷಯವೇ ಅಲ್ಲ.

ಓರೆಕಂಬದ ನಾಲ್ಕನೇ ತುದಿ

ಸಡಿಲವಾದ ಮಾತ್ರಕ್ಕೆ ಚೌಕಟ್ಟು ವಾಲಬೇಕೆಂದಿಲ್ಲ, ಓರೆಕಂಬಗಳು ಸರಿಯಿದ್ದರೆ ಹಿಡಿದು ನಿಲ್ಲಿಸುತ್ತವೆ. ಇಲ್ಲಿ ಅವೂ ಕೈಕೊಟ್ಟವು.

ಮೊದಲ ಓರೆಕಂಬದ ಎರಡೂ ತುದಿಯನ್ನು ಕಾಲುಗಳ ಹಿಂಬದಿಗೆ, ಎರಡನೆಯದರ ಎರಡೂ ತುದಿಯನ್ನು ಮುಂಬದಿಗೆ ಕಟ್ಟಿದ್ದರು. ಕಾಲು ನಾಲ್ಕಿಂಚು ದಪ್ಪ. ಹಾಗಾಗಿ ನಡುವೆ ಎರಡು ಓರೆಕಂಬಗಳು ದಾಟುವಲ್ಲಿ ನಾಲ್ಕಿಂಚಿನ ಖಾಲಿ ಜಾಗ. ಅದನ್ನು ಸುಮ್ಮನೆ ಹಗ್ಗ ಸುತ್ತಿ ಸೇರಿಸಿದ್ದರು. ಎರಡು ಕಂಬ ಪರಸ್ಪರ ಮುಟ್ಟುವುದೇ ಇಲ್ಲ, ಹಗ್ಗದ ತೊಟ್ಟಿಲಲ್ಲಿ ತೂಗುತ್ತವೆ. ಅಡ್ಡಬಲ ಬಿದ್ದಾಗ ಅವು ಒಂದಕ್ಕೊಂದು ಆಸರೆಯಾಗಲೇ ಇಲ್ಲ.

ಸರಿಯಾದ ಕ್ರಮ ಬಲು ಸರಳ. ನಾಲ್ಕು ತುದಿಗಳಲ್ಲಿ ಮೂರು ಚೌಕಟ್ಟಿನ ಒಂದು ಬದಿಗೆ, ನಾಲ್ಕನೆಯದು ಮಾತ್ರ ಇನ್ನೊಂದು ಬದಿಗೆ. ಆಗ ನಡುವೆ ಸಣ್ಣ ಸಂದು ಉಳಿಯುತ್ತದೆ. ಆ ಸಂದನ್ನು ಓರೆಕಟ್ಟು ಎಳೆದು ಮುಚ್ಚುತ್ತದೆ. ಕಂಬಗಳು ಸ್ವಲ್ಪ ಬಾಗಿ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತವೆ, ಇಡೀ ಚೌಕಟ್ಟು ಆ ಸೆಟೆತದಲ್ಲಿ ನಿಲ್ಲುತ್ತದೆ. ಓರೆಕಟ್ಟನ್ನು ಟಿಂಬರ್ ಹಿಚ್‌ನಿಂದ ಶುರುಮಾಡುವುದೂ ಇದಕ್ಕೇ. ಅದು ಎರಡೂ ಕಂಬವನ್ನು ಒಟ್ಟಿಗೆ ಅಪ್ಪಿ, ಎಳೆದಷ್ಟೂ ಹತ್ತಿರ ತರುತ್ತದೆ. ಕ್ಲೋವ್ ಹಿಚ್ ಒಂದೇ ಕಂಬವನ್ನು ಹಿಡಿಯುತ್ತದೆ, ಅದರಿಂದ ಈ ಕೆಲಸ ಆಗದು.

ನೀಲಿ ಹಗ್ಗ

ನಡುಗಾಲು ವಾಲದಂತೆ ಎರಡು ಕಡೆಗೆ ಎಳೆಹಗ್ಗ ಕಟ್ಟಿದ್ದರು. ಒಂದು ತೆಂಗಿನ ಮರಕ್ಕೆ, ಇನ್ನೊಂದು ಆಚೆ ದಡದ ಗೂಟಕ್ಕೆ. ಆ ದಡದಲ್ಲಿ ಅರ್ಧ ಅಡಿ ಮಣ್ಣಿನ ಕೆಳಗೆ ಮುರಕಲ್ಲು. ಗೂಟ ಆರಿಂಚು ಇಳಿದು ನಿಂತಿತು, ಅಷ್ಟಕ್ಕೇ ಬಿಟ್ಟರು. ಅದು ಕಿತ್ತು ಬಂತು.

ತೆಂಗಿನ ಮರದ ಕಡೆಯದು ಜಾರಿತು. ಅಂಗಡಿಯಲ್ಲಿ ನೈಲಾನ್ ಅಂತ ಕೇಳಿ ತಂದ ಹಗ್ಗ, ಆದರೆ ನೈಲಾನ್ ಅಲ್ಲ, ಪಾಲಿಪ್ರೊಪಿಲೀನ್. ನಮ್ಮಲ್ಲಿ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಅಂತಲೇ ಹೆಸರು. ತುಂಡೊಂದನ್ನು ಬಕೆಟಿನ ನೀರಿಗೆ ಹಾಕಿದರೆ ಗೊತ್ತಾಗುತ್ತದೆ: ಪಾಲಿಪ್ರೊಪಿಲೀನ್ ತೇಲುತ್ತದೆ, ನೈಲಾನ್ ಮುಳುಗುತ್ತದೆ. ತೇಲುವ ಹಗ್ಗ ದೋಣಿಯವರಿಗೆ ಅನುಕೂಲ, ಮಲ್ಪೆ ಬಂದರಿನಲ್ಲಿ ರಾಶಿ ರಾಶಿ ಕಾಣುತ್ತದೆ. ಅದರ ಮೈ ನುಣುಪು, ಗಂಟು ಕಚ್ಚುವುದಿಲ್ಲ. ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ತಿಕ್ಕಿದರೆ ಬಿಸಿಯೇರಿ ಕರಗುತ್ತದೆ. ಹುಡುಗನ ಅಂಗೈ ಸುಲಿದದ್ದು ಈ ಬಿಸಿಗೆ. ಮರಕ್ಕೆ ಹಾಕಿದ್ದು ಬರೀ ಒಂದು ಕ್ಲೋವ್ ಹಿಚ್. ನುಣುಪು ಹಗ್ಗದಲ್ಲಿ, ಎಳೆತ ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವಲ್ಲಿ, ಅದು ನಿಧಾನಕ್ಕೆ ತೆವಳುತ್ತದೆ. ಮೊದಲು ಮರಕ್ಕೆ ಎರಡು ಸುತ್ತು ಹಾಕಿ ಆಮೇಲೆ ಎರಡು ಅರ್ಧಗಂಟು ಹಾಕಬೇಕಿತ್ತು. ಭಾರವನ್ನು ಸುತ್ತು ಹೊರುತ್ತದೆ, ಗಂಟು ಅದನ್ನು ಕಾಯುತ್ತದೆ ಅಷ್ಟೆ.

ಇನ್ನು ಸೈಕಲಿನವರ ವಿಚಾರ. ಅವರ ತಪ್ಪೇನೂ ಇಲ್ಲ. ಸಂಕ ಕಂಡರೆ ದಾಟದೆ ಅರ್ಧ ಮೈಲಿ ಸುತ್ತಿ ಹೋಗುವವರು ಯಾರು? ವಾರವಿಡೀ ಹಾಲು ಕೊಡಲು ಹೋಗುವವರು, ಹುಲ್ಲಿನ ಹೊರೆಯವರು ಅದರ ಮೇಲೇ ಓಡಾಡಿದ್ದಾರೆ. ಕಲಿಕೆಗೆಂದು ಕಟ್ಟಿದ ರಚನೆಗೆ ಬೇಲಿಯಿಲ್ಲ, ಫಲಕವಿಲ್ಲ, ಒಬ್ಬರೇ ದಾಟಬೇಕೆಂಬ ಸೂಚನೆಯಿಲ್ಲ. ಇದು ಹಗ್ಗದ ತಪ್ಪಲ್ಲ, ಕಲಿಸುವವರದ್ದು.

ಮರಳಿ ಕಟ್ಟಿದ ಬಗೆ

ತಂಡ ಕೆಲಸ ಬಿಡಲಿಲ್ಲ. ಅದೇ ಕಂಬಗಳನ್ನು ನೆರಳಿನಲ್ಲಿ ಕಲ್ಲುಗಳ ಮೇಲೆ, ನಡುವೆ ಗಾಳಿಯಾಡುವಂತೆ ಮೂರು ವಾರ ಪೇರಿಸಿಟ್ಟರು. ಉರುಳಿ ಬಿದ್ದು ಸೀಳು ಬಿಟ್ಟಿದ್ದ ಒಂದು ಮರವನ್ನು ಕೈಬಿಟ್ಟರು. ಹಗ್ಗಕ್ಕೆ 10 ಮಿ.ಮೀ. ಕತ್ತದ್ದೇ, ಆದರೆ ಒಣಗಿದ್ದು. ಹೊಸ ಹಗ್ಗವನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಿ, ನಾಲ್ಕು ಜನ ಜಗ್ಗಿ ಒಂದು ರಾತ್ರಿ ಬಿಟ್ಟರು. ಹುರಿಯಲ್ಲಿರುವ ಹೊಸತನದ ಹಿಗ್ಗು ಅಲ್ಲೇ ಮುಗಿಯಲಿ ಎಂದು. ಆಮೇಲೆ 18 ಅಡಿಯ ಎಂಟು, 20 ಅಡಿಯ ಒಂದು ತುಂಡು. ತುದಿಗಳಿಗೆ ಸುತಳಿ ಸುತ್ತಿ ಬಿಚ್ಚದಂತೆ ಕಟ್ಟಿದರು.

ಟ್ರೆಸಲ್ಲನ್ನು ನೀರಿನಲ್ಲಿ ನಿಂತು ಕಟ್ಟುವುದಲ್ಲ. ನೆಲದ ಮೇಲೆ ಮಲಗಿಸಿ ಪೂರ್ತಿ ಕಟ್ಟಿ, ಆಮೇಲೆ ಎತ್ತಿ ನಿಲ್ಲಿಸುವುದು. ಚೌಕಕಟ್ಟಿನ ಕ್ರಮವನ್ನು ಇಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು.

ಅಡ್ಡಕಂಬ ಕೂರುವ ಜಾಗದ ಸ್ವಲ್ಪ ಕೆಳಗೆ, ನಿಲ್ಲುವ ಕಂಬಕ್ಕೆ ಕ್ಲೋವ್ ಹಿಚ್. ಭಾರ ಬಿದ್ದಾಗ ಅಡ್ಡಕಂಬ ಆ ಗಂಟಿನ ಮೇಲೆ ಕೂರಬೇಕು. ಗಿಡ್ಡ ತುದಿಯನ್ನು ಉದ್ದ ಹಗ್ಗಕ್ಕೆ ನಾಲ್ಕು ಸಲ ಹೊಸೆದು ಸೇರಿಸಿ, ಇಲ್ಲದಿದ್ದರೆ ಆ ತುದಿ ನುಸುಳಿ ಗಂಟೇ ತಿರುಗುತ್ತದೆ. ಈಗ ಹಗ್ಗ ಅಡ್ಡಕಂಬದ ಮುಂದೆ ಮೇಲಕ್ಕೆ, ನಿಂತ ಕಂಬದ ಹಿಂದೆ, ಅಡ್ಡಕಂಬದ ಇನ್ನೊಂದು ಪಕ್ಕದಲ್ಲಿ ಕೆಳಕ್ಕೆ, ಪುನಃ ನಿಂತ ಕಂಬದ ಹಿಂದೆ. ಇದು ಒಂದು ಸುತ್ತು. ಹೀಗೆ ಮೂರು. ಸುತ್ತುಗಳು ಪಕ್ಕಪಕ್ಕದಲ್ಲಿ ಮಲಗಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದ ಸುತ್ತು ಭಾರ ಬಿದ್ದಾಗ ಜಾರಿ ಕೆಳಗೆ ಇಳಿಯುತ್ತದೆ, ಇಳಿದಷ್ಟೂ ಸಡಿಲ.

ಪ್ರತಿಯೊಂದು ಸುತ್ತನ್ನೂ ಆಗಲೇ ಎಳೆಯಬೇಕು. ಮೂರೂ ಹಾಕಿ ಕೊನೆಗೆ ಒಟ್ಟಿಗೆ ಎಳೆಯುತ್ತೇನೆಂದರೆ ಹೊರಗಿನದು ಮಾತ್ರ ಬಿಗಿಯುತ್ತದೆ, ತಿಕ್ಕಾಟ ಒಳಗಿನದನ್ನು ಮುಟ್ಟಲು ಬಿಡುವುದಿಲ್ಲ. ಎಳೆಯಲು ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ನಿಷಿದ್ಧ. ಒಂದಡಿ ಉದ್ದದ ಗಟ್ಟಿ ಕೋಲಿಗೆ ಮಾರ್ಲಿನ್‌ಸ್ಪೈಕ್ ಹಿಚ್ ಹಾಕಿದರೆ ಹಿಡಿ ಸಿಗುತ್ತದೆ. ಕೆಲಸ ಮುಗಿದು ಕೋಲನ್ನು ಹೊರಕ್ಕೆಳೆದರೆ ಗಂಟು ಹಾಗೇ ಬಿಚ್ಚಿಹೋಗುತ್ತದೆ. ಒಬ್ಬ ಎಳೆಯುವಾಗ ಇನ್ನೊಬ್ಬ ಮರದ ಕೊಡತಿಯಿಂದ ಸುತ್ತುಗಳ ಮೇಲೆ ಹೊಡೆಯಬೇಕು. ಹೊಡೆದಾಗ ತಿಕ್ಕಾಟ ಕ್ಷಣ ಬಿಡುತ್ತದೆ, ಬೆರಳಗಲ ಹಗ್ಗ ಈಚೆಗೆ ಬರುತ್ತದೆ. ಮೂರು ಸುತ್ತು ಆದ ಮೇಲೆ ಎರಡು ಕಂಬಗಳ ಸಂದಿನಲ್ಲಿ ಎರಡು ಬಿಗಿಸುತ್ತು, ಇದೇ ರೀತಿ ಎಳೆದು, ಹೊಡೆದು. ಕೊನೆಯ ಕ್ಲೋವ್ ಹಿಚ್ ಅಡ್ಡಕಂಬಕ್ಕೆ. ಅದರ ಮೊದಲ ಅರ್ಧವನ್ನು ಕಟ್ಟಿಗೆ ಒತ್ತಿ ಕೂರಿಸಿ ಆಮೇಲೆ ಇನ್ನರ್ಧ. ಅಲ್ಲಿ ಸಡಿಲ ಬಿಟ್ಟರೆ ಬಿಗಿಸುತ್ತಿನ ಬಿಗಿಯೆಲ್ಲ ಅದರೊಳಗೆ ಹರಿದುಹೋಗುತ್ತದೆ.

ಕೊನೆಯದಾಗಿ ಓರೆಕಟ್ಟು. ಟಿಂಬರ್ ಹಿಚ್ ಹಾಕಿ ಕಂಬಗಳನ್ನು ಹತ್ತಿರ ತಂದು, ಒಂದು ದಿಕ್ಕಿಗೆ ಮೂರು ಸುತ್ತು, ಅಡ್ಡಲಾಗಿ ಇನ್ನೊಂದು ದಿಕ್ಕಿಗೆ ಮೂರು, ಎರಡು ಬಿಗಿಸುತ್ತು, ಕ್ಲೋವ್ ಹಿಚ್. ಇದನ್ನು ಕಟ್ಟುವ ಮೊದಲು ಒಂದು ಹಗ್ಗದಿಂದ ಚೌಕಟ್ಟಿನ ಎರಡು ಕರ್ಣ ಅಳೆಯಬೇಕು. ಎರಡೂ ಸಮವಿಲ್ಲದಿದ್ದರೆ ಚೌಕಟ್ಟು ಸೊಟ್ಟಗಿದೆ, ಓರೆಕಟ್ಟು ಆ ಸೊಟ್ಟನ್ನೇ ಗಟ್ಟಿ ಮಾಡುತ್ತದೆ.

ಎತ್ತಿ ನಿಲ್ಲಿಸುವಾಗ ಅಪ್ಪಣೆ ಒಬ್ಬರದೇ. "ಐಸಾ" ಅಂದಾಗ ಎತ್ತು, ಉಳಿದ ಹೊತ್ತು ಮಾತಿಲ್ಲ. ಬುಡ ಜಾರದಂತೆ ಕಾಲಿಗೆ ಇಬ್ಬರು, ಮುಂದೆ ಹಿಂದೆ ಹಗ್ಗಕ್ಕೆ ಇಬ್ಬಿಬ್ಬರು, ಎತ್ತಲು ನಾಲ್ವರು. ಕಂಬದ ಕೆಳಗೆ ಯಾರೂ ಇಲ್ಲ. ತಲೆಗೆ ಹೆಲ್ಮೆಟ್. ಬೈಕಿನದ್ದೇ ಸಿಕ್ಕಿತು, ಸಾಕಾಯಿತು.

ಮುರಕಲ್ಲಿನ ದಡಕ್ಕೆ ಗೂಟದ ಆಸೆ ಬಿಟ್ಟರು. ಪಿಕ್ಕಾಸಿನಿಂದ ಎರಡೂವರೆ ಅಡಿ ಆಳದ, ನಾಲ್ಕಡಿ ಉದ್ದದ ಕಣಿ ತೋಡಿ, ಅದರಲ್ಲಿ ಒಂದು ದಪ್ಪ ಮರದ ತುಂಡನ್ನು ಮಲಗಿಸಿ, ಹಗ್ಗ ಕಟ್ಟಿ, ಕಲ್ಲು ಮಣ್ಣು ತುಂಬಿದರು. ಹಗ್ಗ ಹೊರಬರಲು ಒಂದು ಸಣ್ಣ ಓರೆ ಸೀಳು. ಇನ್ನೊಂದು ದಡದ ಗದ್ದೆಯ ಹುಣಿಯಲ್ಲಿ ಮಣ್ಣು ಮೆದು. ಅಲ್ಲಿ ಎಳೆಯುವ ದಿಕ್ಕಿಗೆ ಸಾಲಾಗಿ ಮೂರು, ಎರಡು, ಒಂದು ಹೀಗೆ ಆರು ಗೂಟ ಹೊಡೆದು, ಮುಂದಿನ ಗೂಟಗಳ ತಲೆಯಿಂದ ಹಿಂದಿನವುಗಳ ಬುಡಕ್ಕೆ ಹಗ್ಗ ಬಿಗಿದರು. ತಲೆಯಿಂದ ಬುಡಕ್ಕೆ, ತಲೆಯಿಂದ ತಲೆಗಲ್ಲ. ಎಳೆಹಗ್ಗ ನೆಲದೊಂದಿಗೆ 45 ಡಿಗ್ರಿಗಿಂತ ಕಡಿದಾಗಿರದಂತೆ ನೋಡಿಕೊಂಡರು. ಕಡಿದಾದರೆ ಅದು ಕಂಬವನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಕೆಳಕ್ಕೆ ಒತ್ತುತ್ತದೆ, ಗೂಟವನ್ನು ಮೇಲಕ್ಕೆ ಕೀಳುತ್ತದೆ.

ಸುಣ್ಣದ ಗೆರೆ

ಈ ಸಲ ಪರೀಕ್ಷೆ ಎರಡು ಸಲ ಆಯಿತು, ಕಟ್ಟಿದ ದಿನ ಮತ್ತು ಐದನೇ ದಿನ. ಅಂಕಣಕ್ಕೆ ಒಬ್ಬರೇ ಎಂದು ನಿಯಮ. ಒಬ್ಬರಿಗೆ 75 ಕಿಲೋ ಹಿಡಿದು ಅದರ ದುಪ್ಪಟ್ಟು, 150 ಕಿಲೋ ಮರಳಿನ ಚೀಲಗಳನ್ನು ಅಂಕಣದ ಮಧ್ಯೆ ಅರ್ಧ ಗಂಟೆ ಇಟ್ಟರು. ಇಟ್ಟವರು ದಡದಿಂದ ಉದ್ದ ಕೋಲಿನಲ್ಲಿ ತಳ್ಳಿದರು, ಮೇಲೆ ಹತ್ತಲಿಲ್ಲ.

ಪ್ರತಿ ಕಟ್ಟಿನ ಮೇಲೂ ಕಂಬ, ಹಗ್ಗ, ಕಂಬ ಹೀಗೆ ಹಾಯುವಂತೆ ಸುಣ್ಣದಲ್ಲಿ ಒಂದು ನೇರ ಗೆರೆ ಎಳೆದರು. ಹಗ್ಗ ಒಂದಿಷ್ಟು ಸರಿದರೂ ಗೆರೆ ಮುರಿಯುತ್ತದೆ. ಐದನೇ ದಿನ ಒಂಬತ್ತರಲ್ಲಿ ಎರಡರ ಗೆರೆ ಮುರಿದಿತ್ತು, ಎರಡೂ ಕೆಳಗಿನ ಅಡ್ಡಕಂಬದವು, ನೀರಿನ ತುಂತುರು ಬೀಳುವ ಜಾಗ. ಬೇರೆಲ್ಲ ಕಟ್ಟುಗಳೊಳಗೆ ಪೆನ್ಸಿಲ್ ಕೂಡ ತೂರಲಿಲ್ಲ. ಆ ಎರಡನ್ನು ಬಿಚ್ಚಿ ಮೊದಲಿನಿಂದ ಕಟ್ಟಿದರು. ಸಡಿಲವಾದ ಕಟ್ಟಿನೊಳಗೆ ದಬ್ಬೆಯ ಬೆಣೆ ಹೊಡೆಯುವ ರೂಢಿ ಚಪ್ಪರದಲ್ಲಿ ಉಂಟು. ಒಂದು ದಿನದ ಚಪ್ಪರಕ್ಕೆ ಸರಿಯಿರಬಹುದು, ಜನ ನಡೆಯುವ ಸಂಕದ ಕಾಲಿಗೆ ಅದನ್ನು ಒಪ್ಪಲಾಗದು. ಬೆಣೆ ಬಿದ್ದುಹೋದರೆ ಮೊದಲಿಗಿಂತ ಹೆಚ್ಚು ಸಡಿಲ.

ಎರಡೂ ದಡದಲ್ಲಿ ಹಗ್ಗದ ತಡೆ, ಹಲಗೆಯ ಮೇಲೆ "ಕಲಿಕೆಯ ಸಂಕ. ದಾಟಬಾರದು" ಎಂದು ದೊಡ್ಡ ಅಕ್ಷರ. ಸಂಜೆ ಮನೆಗೆ ಹೋಗುವಾಗ ಒಂದು ಅಂಕಣದ ದಬ್ಬೆಗಳನ್ನು ತೆಗೆದಿಡುತ್ತಿದ್ದರು. ಹಲಗೆಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಕಲಿಸುವ ಕ್ರಮ ಬದಲಾದದ್ದು

ಮೊದಲು ಕಲಿಸಿದ್ದು ಹೀಗಿತ್ತು: ಎರಡು ವಾರ ಗಂಟುಗಳು, ಒಂದು ವಾರ ಕಟ್ಟುಗಳು, ಆಮೇಲೆ ಸಂಕ. ಹುಡುಗರು ಕಣ್ಣುಮುಚ್ಚಿ ಬೋಲೈನ್ ಹಾಕುತ್ತಿದ್ದರು, ಶೀಟ್ ಬೆಂಡ್, ರೀಫ್ ನಾಟ್ ಎಲ್ಲ ನಿಮಿಷದೊಳಗೆ. ಆದರೆ ನಾಲ್ಕಿಂಚಿನ ಕಂಬವನ್ನು ಒಬ್ಬನೂ ಒಮ್ಮೆಯೂ ಬಿಗಿದಿರಲಿಲ್ಲ.

ಎರಡನೇ ಸಲಕ್ಕೆ ಗಂಟುಗಳನ್ನು ನಾಲ್ಕಕ್ಕೆ ಇಳಿಸಿದರು: ಕ್ಲೋವ್ ಹಿಚ್, ಟಿಂಬರ್ ಹಿಚ್, ಎರಡು ಸುತ್ತಿನ ಎರಡು ಅರ್ಧಗಂಟು, ಬೋಲೈನ್. ರೀಫ್ ನಾಟ್ ಬ್ಯಾಂಡೇಜಿಗೆ ಸರಿ, ಭಾರ ಹೊರುವ ಎರಡು ಹಗ್ಗ ಜೋಡಿಸಲು ಅಲ್ಲ, ಒಂದು ತುದಿಯನ್ನು ಹಿಂದಕ್ಕೆಳೆದರೆ ಮಗುಚಿ ಬಿಚ್ಚುತ್ತದೆ ಎಂದು ಮಾಡಿ ತೋರಿಸಿ ಬದಿಗಿಟ್ಟರು. ಉಳಿದ ಹೊತ್ತೆಲ್ಲ ಒಂದೇ ಅಭ್ಯಾಸ. ನೆಲಕ್ಕೆ ಹೂತ ನಿಜವಾದ ಕಂಬಕ್ಕೆ ಅಡ್ಡಕಂಬ ಕಟ್ಟುವುದು, ಕಟ್ಟಿದವನೇ ಅದರ ತುದಿಯನ್ನು ಹಿಡಿದು ಜೋತುಬೀಳುವುದು, ಅಂಗಾಲು ನೆಲದಿಂದ ಅರ್ಧ ಅಡಿ ಮೇಲೆ. ಕಟ್ಟು ಸರಿಯಿಲ್ಲದಿದ್ದರೆ ಅಡ್ಡಕಂಬ ಕಿರುಗುಟ್ಟುತ್ತಾ ತಿರುಗುತ್ತದೆ. ಆ ಸದ್ದು ಒಮ್ಮೆ ಕೇಳಿದವರಿಗೆ ಬಿಗಿಸುತ್ತು ಎಷ್ಟು ಬೇಕೆಂದು ಬಾಯಿಮಾತಿನಲ್ಲಿ ಹೇಳಬೇಕಾಗಲಿಲ್ಲ. ಮೂರು ದಿನ ಬಿಟ್ಟು ಅದೇ ಕಟ್ಟನ್ನು ಪುನಃ ಮುಟ್ಟಿ ನೋಡುವುದು ಅಭ್ಯಾಸದ ಎರಡನೇ ಭಾಗ.

ಒಬ್ಬರ ಕಟ್ಟನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿಯೂ ಬಂತು. ಕಟ್ಟಿದವರ ಹೆಸರು, ಪರೀಕ್ಷಿಸಿದವರ ಹೆಸರು, ದಿನಾಂಕ ಬರೆದ ಚೀಟಿ ಪ್ರತಿ ಕಟ್ಟಿಗೂ ನೇತಾಡುತ್ತಿತ್ತು. ಉಳುಕಿದ ಕಾಲಿನ ಹುಡುಗ ಎರಡನೇ ಸಲ ಕಟ್ಟಲಿಲ್ಲ, ಕೊಡತಿ ಹಿಡಿದು ಒಂಬತ್ತೂ ಕಟ್ಟಿನ ಪರೀಕ್ಷೆ ಮಾಡಿದ. ಪಕ್ಷಪಾತವಿಲ್ಲದ ಪರೀಕ್ಷಕ.

ಜನವರಿ ಕೊನೆಗೆ ಸಂಕ ಬಿಚ್ಚಿದರು. ಮೊದಲು ಅಂಕಣದ ಮರಗಳನ್ನು ಒಂದೊಂದಾಗಿ ದಡಕ್ಕೆ ಎಳೆದು, ಕೊನೆಯವರೆಗೂ ಎಳೆಹಗ್ಗಗಳನ್ನು ಹಾಗೇ ಇಟ್ಟು, ನಡುಗಾಲನ್ನು ನಿಧಾನಕ್ಕೆ ಮಲಗಿಸಿ. ಹಗ್ಗಗಳನ್ನು ತೊಳೆದು ನೆರಳಿನಲ್ಲಿ ತೂಗುಹಾಕಿದರು. ಒಣಗಿದ ಮೇಲೆ ಅಡಿ ಅಡಿಗೂ ಹುರಿ ತಿರುಗಿಸಿ ಒಳಗೆ ನೋಡಿದರು: ಪುಡಿ ಉದುರಿದ ಎರಡು, ಕಪ್ಪಾಗಿ ವಾಸನೆ ಬಂದ ಒಂದು. ಮೂರನ್ನೂ ಯಾರೂ ಪುನಃ ಬಳಸದಂತೆ ಎರಡೆರಡು ಅಡಿಗೆ ಕತ್ತರಿಸಿ, ತೋಟದ ಮೆಣಸಿನ ಬಳ್ಳಿ ಕಟ್ಟಲು ಕೊಟ್ಟರು.